ತುರ್ತು ಗರ್ಭನಿರೋಧಕ ಮಾತ್ರೆಗೆ ಡಾಕ್ಟರ ಚೀಟಿ ಬೇಕಾ? ಮೆಡಿಕಲ್ ಶಾಪಿನವರು ಕೊಡಲ್ಲ ಅಂದರೆ?

ಚೀಟಿ ಬೇಡ. ಸಾಗರದಲ್ಲಿ ಒಬ್ಬರು ಚೀಟಿ ತನ್ನಿ ಅಂದರು, ಇನ್ನೊಬ್ಬರು ಮದುವೆ ಆಗಿದೆಯಾ ಅಂತ ಕೇಳಿದರು, ಇದೇನು ರೂಲ್ಸಾ ಅಂತ ಕೇಳಿದ್ದೀರಿ. ಲೆವೊನಾರ್ಜೆಸ್ಟ್ರೆಲ್ ಇರುವ ಈ ಮಾತ್ರೆಯನ್ನು ಚೀಟಿ ಇಲ್ಲದೆ ಮಾರಲು 2005ರಲ್ಲೇ ಅನುಮತಿ ಸಿಕ್ಕಿದೆ. ಐ-ಪಿಲ್, ಅನ್‌ವಾಂಟೆಡ್-72 ಎರಡೂ ಇದೇ ಔಷಧಿ. ಮದುವೆಯ ವಿಚಾರ ಅಂಗಡಿಯವರಿಗೆ ಸಂಬಂಧವೇ ಇಲ್ಲ.

ನಾನು ತೀರ್ಥಹಳ್ಳಿ ಕಡೆಯ ಫಾರ್ಮಸಿಸ್ಟ್. ಅವರನ್ನು ಬೈಯುವ ಮೊದಲು ನನ್ನ ಕಥೆ ಹೇಳಬೇಕು. ಅಂಗಡಿ ಹಾಕಿದ ಹೊಸತು, ಒಂದು ಸಂಜೆ ಜೋರು ಮಳೆ. ಕಾಲೇಜಿನ ಹುಡುಗಿಯೊಬ್ಬಳು ಬಂದಳು. ಬಿಪಿ ಮಾತ್ರೆಗೆ ಊರಿನವರಿಬ್ಬರು ನಿಂತಿದ್ದರು. ಅವರು ಹೋಗುವವರೆಗೂ ಕೆಮ್ಮಿನ ಸಿರಪ್ ಬಾಟಲಿಯನ್ನು ಸುಮ್ನೆ ತಿರುಗಿಸುತ್ತಾ ನಿಂತಳು. ಆಮೇಲೆ ಮೆಲ್ಲಗೆ ಕೇಳಿದಳು. "ಅದೆಲ್ಲ ನಾವು ಇಡಲ್ಲಮ್ಮ" ಅಂದುಬಿಟ್ಟೆ. ಡ್ರಾಯರಿನಲ್ಲಿ ಎರಡು ಪ್ಯಾಕ್ ಇದ್ದವು. ಹಿಂದಿನ ವಾರ ಗಂಡಸೊಬ್ಬ ಬಂದು ಕೇಳಿದಾಗ ಒಂದು ಮಾತೂ ಆಡದೆ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದೆ!

ಯಾಕೆ ಹಾಗೆ ಮಾಡಿದೆ? ಅರ್ಧ ಕಾರಣ, ಊರಿನವರ ಬಾಯಿಗೆ ಹೆದರಿಕೆ. ಇನ್ನರ್ಧ, ನಿಜ ಹೇಳಬೇಕೆಂದರೆ, ಗೊತ್ತಿಲ್ಲದೆ. ಡಿ ಫಾರ್ಮ ಓದಿಯೂ ಇದು ಗರ್ಭ ತೆಗೆಸುವ ಮಾತ್ರೆ ಅಂತಲೇ ತಲೆಯಲ್ಲಿ ಕೂತಿತ್ತು. ಗರ್ಭ ತೆಗೆಸುವ ಮಾತ್ರೆಯೇ ಬೇರೆ. ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಇರುವ ಆ ಕಿಟ್ಟಿಗೆ ಡಾಕ್ಟರು ಬೇಕೇ ಬೇಕು. ಅದನ್ನು ಸುಮ್ಮನೆ ಮಾರಿದರೆ ಲೈಸೆನ್ಸಿಗೇ ಕುತ್ತು. ಆ ಭಯವನ್ನು ಈ ಮಾತ್ರೆಗೂ ಅಂಟಿಸಿಕೊಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಲೆವೊನಾರ್ಜೆಸ್ಟ್ರೆಲ್ ಮಾಡುವುದು ಅಂಡಾಣು ಹೊರಬರುವುದನ್ನು ಮುಂದೂಡುವ ಕೆಲಸ ಅಷ್ಟೇ. ಆಗಲೇ ಬಸಿರಾಗಿದ್ದರೆ ಅದು ಏನನ್ನೂ ತೆಗೆಯುವುದಿಲ್ಲ. ಮುಂದೆ ಮಕ್ಕಳಾಗುವುದಿಲ್ಲ ಅನ್ನುವುದೂ ಸುಳ್ಳು.

ಹಾಗಂತ ಏನೂ ಕೇಳದೆ ಕೊಡುವುದೂ ಸರಿಯಲ್ಲ. ಈಗ ನಾನು ಕೇಳುವುದು ಎರಡೇ. ಸಂಬಂಧ ಆಗಿ ಎಷ್ಟು ಹೊತ್ತಾಯಿತು? ಫಿಟ್ಸಿಗೋ ಟಿಬಿಗೋ ಮಾತ್ರೆ ತಗೊಳ್ತಿದ್ದೀರಾ? ಕಾರ್ಬಮಜಪೀನ್, ಫೆನಿಟಾಯಿನ್, ರಿಫಾಂಪಿಸಿನ್ ತರಹದವು ಇದರ ಬಲ ಕಡಿಮೆ ಮಾಡುತ್ತವೆ. ಅಂಥವರನ್ನು ಡಾಕ್ಟರ ಹತ್ತಿರ ಕಳಿಸುತ್ತೇನೆ. 5 ದಿನದೊಳಗೆ ಗರ್ಭಕೋಶದಲ್ಲಿಡುವ ಕಾಪರ್-ಟಿ ಹಾಕಿಸಿಕೊಂಡರೆ ಅದು ಮಾತ್ರೆಗಿಂತ ಗಟ್ಟಿ.

ಪ್ಯಾಕಿನ ಮೇಲೆ 72 ಗಂಟೆ ಅಂತಿದೆ ಅಲ್ವಾ, ಅದನ್ನು ನೋಡಿ ನಾಳೆ ತಗೊಂಡರಾಯಿತು ಅಂದುಕೊಳ್ಳಬೇಡಿ. ಬೇಗ ನುಂಗಿದಷ್ಟೂ ಒಳ್ಳೆಯದು. 1.5 ಮಿಲಿಗ್ರಾಮಿನ ಒಂದೇ ಮಾತ್ರೆ. ನುಂಗಿ 2 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕು. ಘಾಟಿ ತಿರುವಿನಲ್ಲಿ ಬಸ್ಸಿನಲ್ಲಿ ವಾಂತಿ ಮಾಡುವವರಾದರೆ ಇದನ್ನು ಯೋಚಿಸಿಯೇ ನುಂಗಿ. ಆಮೇಲೆ ಮುಟ್ಟು ಸ್ವಲ್ಪ ಹಿಂದೆಮುಂದೆ ಆಗಬಹುದು. ಒಂದು ವಾರಕ್ಕಿಂತ ಜಾಸ್ತಿ ತಡವಾದರೆ ಟೆಸ್ಟ್ ಮಾಡಿಕೊಳ್ಳಿ. ಇವತ್ತು ನುಂಗಿದ್ದು ನಾಳೆಗೆ ರಕ್ಷಣೆ ಕೊಡುವುದಿಲ್ಲ, ಆದ್ದರಿಂದ ಮಾತ್ರೆ ತಗೊಂಡ ಮೇಲೂ ಕಾಂಡೋಮ್ ಬೇಕು.

ನೀವು ಹೇಳಿದ ಲೆಕ್ಕದಲ್ಲಿ ಈಗಾಗಲೇ ಒಂದು ದಿನ ಕಳೆದಿದೆ. ಆ ಎರಡು ಅಂಗಡಿಗಳ ಜೊತೆ ಜಗಳ ಆಮೇಲೆ ಆಡಬಹುದು. ಇನ್ನೊಂದು ಅಂಗಡಿಗೆ ಹೋಗಿ, ಬಾಯಿ ಬರದಿದ್ದರೆ ಮೊಬೈಲಿನಲ್ಲಿ ಹೆಸರು ಬರೆದು ತೋರಿಸಿ. ಅಲ್ಲೂ ಆಗದಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಥವಾ ಶಿವಮೊಗ್ಗದ ಬಸ್ ಹತ್ತಿ. ಅಲ್ಲಿ ಕೌಂಟರಿನ ಹಿಂದೆ ನಿಮ್ಮ ಅಪ್ಪನ ಪರಿಚಯದವರು ಇರುವುದಿಲ್ಲ.