‘ಬುಲಿ ಫಾರ್ ಬ್ರಾಂಟೊಸಾರಸ್’ ಈಗಲೂ ಓದುವಂಥದ್ದೇ? ಓದುಗರ ಅಭಿಪ್ರಾಯ ನೋಡಿದರೆ ಗೊಂದಲವಾಗುತ್ತಿದೆ

ಈ ಅಭಿಪ್ರಾಯಗಳ ಕಾಡಿನಲ್ಲಿ ನಾನೂ ಸುತ್ತಿದವನೇ. ಪಳೆಯುಳಿಕೆ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡರ ಈ ಪ್ರಬಂಧ ಸಂಕಲನಕ್ಕೆ (1991) ಕೆಲವರು ಐದು ಸ್ಟಾರ್ ಕೊಟ್ಟಿದ್ದಾರೆ, ಕೆಲವರು ‘ಹಳತಾಯಿತು, ಹೇಳಿದ್ದನ್ನೇ ಹೇಳುತ್ತಾರೆ’ ಅಂತ ಎರಡೇ ಕೊಟ್ಟಿದ್ದಾರೆ, ಯಾರನ್ನು ನಂಬಲಿ ಅಂತ ನಿಮ್ಮ ಪ್ರಶ್ನೆ. ಇಬ್ಬರನ್ನೂ ನಂಬಬೇಡಿ. ಇಡೀ ಸಂಕಲನಕ್ಕೆ ಒಂದೇ ಅಂಕ ಕೊಡುವುದೇ ತಪ್ಪು ಲೆಕ್ಕ.

ಎರಡು ಸ್ಟಾರ್ ಕೊಟ್ಟವರಲ್ಲಿ ಹೆಚ್ಚಿನವರು ಮಾಡಿರುವ ತಪ್ಪು ಒಂದೇ ಅಂತ ನನ್ನ ಅಂದಾಜು: ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಓಟದಲ್ಲಿ ಓದಿದ್ದು. ಗೂಲ್ಡ್ 1974ರಿಂದ 2001ರವರೆಗೆ ‘ನ್ಯಾಚುರಲ್ ಹಿಸ್ಟರಿ’ ಪತ್ರಿಕೆಗೆ 300 ಅಂಕಣ ಬರೆದರು. ಈ ಸಂಕಲನದ ಬಹುಪಾಲು ಬಂದಿರುವುದು ಅಲ್ಲಿಂದ. ಹಿಂದಿನ ಸಂಚಿಕೆ ಓದದವರಿಗೂ ಅರ್ಥವಾಗಬೇಕಲ್ಲ, ಹಾಗಾಗಿ ‘ವಿಕಾಸಕ್ಕೆ ಮುಂದಾಲೋಚನೆ ಇಲ್ಲ’ ಎಂಬ ಪಾಠ ಮತ್ತೆ ಮತ್ತೆ ಬರಲೇಬೇಕು. ಕಟ್ಟುವ ಬಗೆಯೂ ಹೆಚ್ಚುಕಡಿಮೆ ಒಂದೇ: ಅಂಚೆಚೀಟಿ, ಟೈಪ್‌ರೈಟರ್ ಕೀಲಿ, ಹಕ್ಕಿಯ ಮೊಟ್ಟೆ ಹೀಗೆ ಏನೋ ಒಂದು ವಿಚಿತ್ರದಿಂದ ಶುರು, ಅಲ್ಲಿಂದ ಹಳೆಯ ಗ್ರಂಥಗಳಿಗೆ ಹಾದಿ, ಕೊನೆಗೆ ಜೀವವಿಜ್ಞಾನ. ತಿಂಗಳಿಗೊಂದು ಓದಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಒಂದೇ ರಾತ್ರಿ ನಾಲ್ಕು ಓದಿದವರಿಗೆ ಹೊಲಿಗೆಯೆಲ್ಲ ಎದ್ದು ಕಾಣುತ್ತದೆ, ಬೇಸರ ಹತ್ತುತ್ತದೆ. ಆ ಬೇಸರ ಗೂಲ್ಡರ ಲೆಕ್ಕಕ್ಕೆ ಬೀಳುತ್ತದೆ.

ಇನ್ನು ‘ಹಳತಾಯಿತು’ ಎಂಬ ದೂರು. ಅಮೆರಿಕದ ಪಠ್ಯಪುಸ್ತಕಗಳು ಕುದುರೆಯ ಆದಿ ಪೂರ್ವಜ ‘ಫಾಕ್ಸ್ ಟೆರಿಯರ್ ನಾಯಿಯಷ್ಟಿತ್ತು’ ಅಂತ ಒಂದನ್ನೊಂದು ನೋಡಿ ಇಳಿಸಿಕೊಂಡು ಬಂದದ್ದನ್ನು ಗೂಲ್ಡ್ ಇದೇ ಸಂಕಲನದಲ್ಲಿ ಜಾಡು ಹಿಡಿದು ತೋರಿಸುತ್ತಾರೆ. ‘ಔಟ್‌ಡೇಟೆಡ್’ ಎನ್ನುವ ವಿಮರ್ಶೆಗಳಲ್ಲೂ ಬಹಳಷ್ಟು ಅದೇ ವಂಶದವು. ಯಾವ ಪ್ರಬಂಧ, ಅದರಲ್ಲಿ ಯಾವ ವಾದ ಅಂತ ಹೆಸರಿಸದ ಅಭಿಪ್ರಾಯವನ್ನು ಪಕ್ಕಕ್ಕಿಡಿ.

ಶೀರ್ಷಿಕೆಯ ಪ್ರಬಂಧವನ್ನೇ ನೋಡಿ. ಪಳೆಯುಳಿಕೆ ವಿಜ್ಞಾನಿ ಮಾರ್ಷ್ ತಮಗೆ ಸಿಕ್ಕ ಡೈನೋಸಾರ್ ಮೂಳೆಗಳಿಗೆ 1877ರಲ್ಲಿ ಅಪಾಟೊಸಾರಸ್ ಅಂತಲೂ 1879ರಲ್ಲಿ ಬ್ರಾಂಟೊಸಾರಸ್ ಅಂತಲೂ ಹೆಸರಿಟ್ಟರು. ಎರಡೂ ಒಂದೇ ಕುಲ (ಜೀನಸ್) ಅಂತ 1903ರಲ್ಲಿ ರಿಗ್ಸ್ ಎಂಬ ಇನ್ನೊಬ್ಬ ವಿಜ್ಞಾನಿ ಹೇಳಿದ ಮೇಲೆ, ನಿಯಮದಂತೆ ಹಳೆಯ ಹೆಸರು ಉಳಿಯಿತು. 1989ರಲ್ಲಿ ಅಮೆರಿಕದ ಅಂಚೆ ಇಲಾಖೆ ಚೀಟಿಯ ಮೇಲೆ ಬ್ರಾಂಟೊಸಾರಸ್ ಅಂತ ಅಚ್ಚು ಹಾಕಿ ಬೈಸಿಕೊಂಡಿತು. ಗೂಲ್ಡ್ ಜನ ಬಳಸುವ ಹೆಸರಿನ ಪರ ನಿಂತರು. 2015ರಲ್ಲಿ ಬಂದ ಅಧ್ಯಯನವೊಂದು ಎರಡೂ ಬೇರೆ ಕುಲಗಳೇ ಎಂದಿತು. ಎಲ್ಲರೂ ಒಪ್ಪಿಲ್ಲ, ಆದರೆ ‘ಹಳತು’ ಅಂತ ತಳ್ಳಿಬಿಟ್ಟಿದ್ದ ಹೆಸರಿಗೆ ಮತ್ತೆ ಜೀವ ಬಂತು. ಕಿವಿ ಹಕ್ಕಿಯ ಪ್ರಬಂಧದ್ದು ಉಲ್ಟಾ. ಮೈಗೆ ಹೋಲಿಸಿದರೆ ಈ ಹಕ್ಕಿಯ ಮೊಟ್ಟೆ ತೀರಾ ದೊಡ್ಡದು, ಅದು ಯಾಕೆ ಎಂಬುದೇ ಅಲ್ಲಿನ ಪ್ರಶ್ನೆ. ಅಳಿದುಹೋದ ಮೋವಾ ಹಕ್ಕಿಯಂಥ ದೊಡ್ಡ ಪೂರ್ವಜರ ಮೈ ಕುಗ್ಗಿತು, ಮೊಟ್ಟೆ ಅಷ್ಟೇ ಪ್ರಮಾಣದಲ್ಲಿ ಕುಗ್ಗಲಿಲ್ಲ ಎಂಬುದು ಗೂಲ್ಡರ ವಾದ. 2014ರ ಪ್ರಾಚೀನ ಡಿಎನ್‌ಎ ಅಧ್ಯಯನದ ಪ್ರಕಾರ ಕಿವಿ ಹಕ್ಕಿಯ ಹತ್ತಿರದ ನೆಂಟ ಮೋವಾ ಅಲ್ಲ, ಮಡಗಾಸ್ಕರಿನ ಆನೆಹಕ್ಕಿ. ಪೂರ್ವಜ ಬಹುಶಃ ಹಾರಬಲ್ಲ ಸಣ್ಣ ಹಕ್ಕಿ. ಇದು ನಿಜಕ್ಕೂ ಹಳತಾದ ಪ್ರಬಂಧ.

ಸರಾಸರಿ ಸ್ಟಾರನ್ನಂತೂ ನೋಡಲೇಬೇಡಿ. ಯಾಕೆಂದು ಪುಸ್ತಕವೇ ಕಲಿಸುತ್ತದೆ. 1982ರಲ್ಲಿ ಗೂಲ್ಡರಿಗೆ ಮೀಸೋಥೀಲಿಯೋಮಾ ಕ್ಯಾನ್ಸರ್ ಪತ್ತೆಯಾಯಿತು. ಬದುಕುಳಿಯುವ ಅವಧಿಯ ಮೀಡಿಯನ್ (ಸಾಲಾಗಿ ಜೋಡಿಸಿದಾಗ ಸರಿಯಾಗಿ ನಡುವೆ ಬರುವ ಸಂಖ್ಯೆ) 8 ತಿಂಗಳು. 8 ತಿಂಗಳಿಗೆ ಸಾವು ಅಂತ ಅದರರ್ಥವಲ್ಲ, ಅರ್ಧ ರೋಗಿಗಳು ಅದಕ್ಕಿಂತ ಹೆಚ್ಚು ಬದುಕುತ್ತಾರೆ ಅಂತ. ಉದಾಹರಣೆಗೆ ಐವರು 2, 4, 8, 20, 200 ತಿಂಗಳು ಬದುಕಿದರು ಅನ್ನಿ. ಮೀಡಿಯನ್ 8, ಸರಾಸರಿ 46.8. ಒಂದೇ ಸಂಖ್ಯೆ ಹಿಡಿದು ಕೂತರೆ ಬಲಕ್ಕೆ ಚಾಚಿದ ಬಾಲ, ಅಂದರೆ ಬಹಳ ಕಾಲ ಬದುಕಿದ ಆ ಕೆಲವರು, ಕಾಣುವುದೇ ಇಲ್ಲ. ಗೂಲ್ಡ್ ತೀರಿಕೊಂಡದ್ದು 2002ರಲ್ಲಿ, ಬೇರೆಯೇ ಕ್ಯಾನ್ಸರಿನಿಂದ. ಐದು ಮತ್ತು ಎರಡರ ಎರಡು ಗುಂಪುಗಳನ್ನು ಕಲಸಿ ಮೂರೂವರೆ ಅಂತ ತೋರಿಸಿದರೆ, ಆ ಮೂರೂವರೆ ಯಾವ ಓದುಗನ ಅಭಿಪ್ರಾಯವೂ ಅಲ್ಲ.

ಕೊಳ್ಳಿ. ಮೊದಲು ಮೀಡಿಯನ್ ಪ್ರಬಂಧ, ಆಮೇಲೆ ಫಾಕ್ಸ್ ಟೆರಿಯರ್, ಆಮೇಲೆ ಬ್ರಾಂಟೊಸಾರಸ್. ನಡುವೆ ಎರಡು ಮೂರು ದಿನ ಬಿಡಿ. ಕೆಲವು ಪ್ರಬಂಧಗಳ ಕೊನೆಗೆ ಅನುಬಂಧ ಸೇರಿಸಿದ್ದಾರೆ, ಹಾರಿಸಬೇಡಿ. ಟೈಪ್‌ರೈಟರಿನ QWERTY ಕೀಲಿ ಜೋಡಣೆ ಉಳಿದದ್ದು ಅದೇ ಉತ್ತಮ ಅಂತಲ್ಲ, ಮೊದಲೇ ಬೇರೂರಿತ್ತು ಅಂತ ಎಂಬ ಗೂಲ್ಡರ ವಾದಕ್ಕೆ ಅರ್ಥಶಾಸ್ತ್ರಜ್ಞರಾದ ಲೀಬೊವಿಟ್ಜ್, ಮಾರ್ಗೊಲಿಸ್ 1990ರಲ್ಲೇ ತಕರಾರು ತೆಗೆದಿದ್ದಾರೆ, ಅದು ನೆನಪಿರಲಿ. ಬೇಸ್‌ಬಾಲ್ ಬಂದ ಕೂಡಲೇ ಮುಚ್ಚಿಡುವವರೂ ಇದ್ದಾರೆ. ಬೇಸ್‌ಬಾಲ್ ಆಟಗಾರ ಡಿಮ್ಯಾಜಿಯೊ 1941ರಲ್ಲಿ ಸತತ 56 ಪಂದ್ಯಗಳಲ್ಲಿ, ಪ್ರತಿ ಪಂದ್ಯದಲ್ಲೂ ಕನಿಷ್ಠ ಒಂದು ‘ಹಿಟ್’ ಗಳಿಸಿದ, ಅಂದರೆ ತಾನು ಹೊಡೆದ ಹೊಡೆತದಿಂದಲೇ ಔಟಾಗದೆ ಬೇಸ್ ಮುಟ್ಟಿದ. ಇಷ್ಟು ತಿಳಿದಿದ್ದರೆ ಆ ಪ್ರಬಂಧಕ್ಕೆ ಸಾಕು. ಉಳಿದದ್ದು ಸಂಭವನೀಯತೆಯ ಲೆಕ್ಕ.