ಕಡಲ ದಂಡೆ ಹಾದಿ, ಸೈಕಲ್ಲು, ಜನಜಂಗುಳಿ: ಓದುಗರು ಕೇಳಿದ್ದು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬೀಚ್ ಪಕ್ಕದ ಹಾದೀಲಿ ಸೈಕಲ್ ಹೊಡೆಯೋದರ ಬಗ್ಗೆನೇ ಇದ್ವು, ಅದಕ್ಕೆ ಎಲ್ಲಾನೂ ಒಟ್ಟಿಗೇ ತಗೊಂಡಿದೀನಿ.

ಪ್ರಶ್ನೆ: ಮೇಡಂ, ವಾರಕ್ಕೆ ಮೂರು ದಿನ ಸಂಜೆ ಸಮುದ್ರದ ಪಕ್ಕದ ದಾರೀಲಿ ಸೈಕಲ್ ಹೊಡೀತೀನಿ. ವಿಪರೀತ ಜನ. ಬೆಲ್ ಹೊಡೆದ್ರೆ ಪಕ್ಕಕ್ಕೆ ಸರಿಯೋ ಬದಲು ನೇರ ನನ್ನ ಮುಂದಕ್ಕೇ ಬರ್ತಾರೆ. ಹೋದ ವಾರ ಒಂದು ಮಗು ಚೆಂಡಿನ ಹಿಂದೆ ಓಡಿಬಂತು, ಕೂದಲೆಳೆಯಲ್ಲಿ ತಪ್ತು. ಅವತ್ತಿಂದ ಸೈಕಲ್ ಹತ್ತಿದ್ರೆ ಕೈ ನಡುಗುತ್ತೆ. ಬಿಟ್ಟೇಬಿಡ್ಲಾ?
– ಹೆಸರು ಬೇಡ ಅಂದ ಓದುಗರು

ಉತ್ತರ: ಬಿಡ್ಬೇಡಿ. ಮಗುಗೆ ಏನೂ ಆಗ್ಲಿಲ್ವಲ್ಲ, ಅದೇ ದೊಡ್ಡದು, ಮತ್ತೆ ನಿಮ್ಮ ಕೈ ನಡುಗ್ತಿದೆ ಅಂದ್ರೆ ನೀವು ಜವಾಬ್ದಾರಿ ಇರೋರು ಅಂತಾನೇ ಅರ್ಥ. ಒಂದು ವಿಷಯ ಮಾತ್ರ ತಲೇಲಿ ಗಟ್ಟಿಯಾಗಿ ಕೂರಿಸ್ಕೊಳ್ಳಿ, ಅಲ್ಲಿಗೆ ಬಂದಿರೋ ಜನ ದಾರಿ ನೋಡೋಕೆ ಬಂದಿಲ್ಲ, ಕಡಲು ನೋಡೋಕೆ ಬಂದಿದ್ದಾರೆ. ಅವರ ಕಣ್ಣು ನೀರಿನ ಮೇಲೆ, ಕಿವೀಲಿ ಅಲೆ ಸದ್ದು. ರೋಡಲ್ಲಾದ್ರೆ ಎಲ್ರೂ ಆಕಡೆ ಈಕಡೆ ನೋಡ್ಕೊಂಡು ದಾಟ್ತಾರೆ, ಇಲ್ಲಿ ಆ ಎಚ್ಚರ ಯಾರಿಗೂ ಇರಲ್ಲ, ಇರ್ಬೇಕು ಅಂತ ನಾವು ಕೇಳೋದೂ ಸರಿಯಲ್ಲ. ಅದಕ್ಕೆ ನನ್ನನ್ನ ಯಾರೂ ನೋಡಿಲ್ಲ ಅಂತ ಅಂದ್ಕೊಂಡೇ ಪೆಡಲ್ ತುಳೀರಿ.

ಆಮೇಲೆ ಸ್ಪೀಡು. ಗಂಟೆಗೆ 20 ಕಿ.ಮೀ. ಹೋಗ್ತಿದ್ರೆ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಮುಂದೆ ಹೋಗಿರ್ತೀರಿ. ಚೆಂಡು ಕಂಡು, ಅಯ್ಯೋ ಅನ್ಸಿ, ಬೆರಳು ಬ್ರೇಕ್ ಮುಟ್ಟೋಕೇ ಆ ಒಂದು ಸೆಕೆಂಡ್ ಬೇಕು, ನಿಲ್ಲೋಕೆ ಒಣ ನೆಲದಲ್ಲೂ ಇನ್ನೊಂದು ಮೂರು ಮೀಟರ್. ಅದೇ 10 ಕಿ.ಮೀ. ಸ್ಪೀಡಲ್ಲಿ ಇದ್ರೆ ಎಲ್ಲಾ ಸೇರಿ ನಾಲ್ಕು ಮೀಟರ್ ಒಳಗೇ ನಿಂತುಬಿಡ್ತೀರಿ. ಸ್ಪೀಡ್ ಅರ್ಧ ಆದ್ರೆ ಗುದ್ದೋ ಏಟಿನ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಜನ ಇರೋ ಕಡೆ 10ಕ್ಕಿಂತ ಮೇಲೆ ಬೇಡ, ತುಂಬಾ ದಟ್ಟ ಇದ್ರೆ ಇಳಿದು ತಳ್ಕೊಂಡು ಹೋಗಿ, ಅದರಲ್ಲಿ ಅವಮಾನ ಏನಿಲ್ಲ.

ಬೆಲ್ ವಿಷಯ. ಹತ್ತಿರ ಬಂದು ಟ್ರಿಣ್ ಅಂದ್ರೆ ಯಾರಾದ್ರೂ ಬೆಚ್ಚಿ ಬೀಳ್ತಾರೆ, ತಿರುಗಿ ನೋಡ್ತಾ ನೋಡ್ತಾ ಅದೇ ಕಡೆಗೆ ಒಂದು ಹೆಜ್ಜೆ ಇಡ್ತಾರೆ, ನಿಮ್ಮ ಮುಂದಕ್ಕೆ ಬರೋದು ಅದಕ್ಕೇ. 15–20 ಮೀಟರ್ ದೂರದಲ್ಲೇ ಒಂದು ಸಲ ಮೆಲ್ಲಗೆ ಹೊಡೀರಿ, ಅವರು ಯಾವ ಕಡೆ ಸರೀತಾರೆ ಅಂತ ಕಾಯಿರಿ, ಆಮೇಲೆ ಒಂದು ತೋಳಿನಷ್ಟು ಜಾಗ ಬಿಟ್ಟು ದಾಟಿ, ದಾಟುವಾಗ ಥ್ಯಾಂಕ್ಸ್ ಅನ್ನಿ. ಮತ್ತೆ ಇಯರ್‌ಫೋನ್ ಬೇಡ, ಎರಡು ಕಿವಿಗೂ ಬೇಡ, ಒಂದಕ್ಕೂ ಬೇಡ.

ಚೆಂಡು ಕಂಡ್ರೆ ಹಿಂದೇನೇ ಮಗು ಇದೆ ಅಂತ್ಲೇ ಲೆಕ್ಕ. ನಾಯಿ ಕಂಡ್ರೆ ಹಗ್ಗ ಹುಡುಕಿ. ನನಗೆ ಒಂದು ಸಂಜೆ ಹಾಗೇ ಆಯ್ತು, ದಾರಿಯ ಈ ಪಕ್ಕ ಒಬ್ಬರು ಫೋನ್ ನೋಡ್ತಾ ನಿಂತಿದ್ರು, ಆ ಪಕ್ಕ ಒಂದು ಪುಟ್ಟ ನಾಯಿ ಹುಲ್ಲು ಮೂಸ್ತಿತ್ತು, ನಡುವೆ ದಾರಿ ಖಾಲಿ. ನುಗ್ಗೋಕೆ ಹೊರಟಿದ್ದೆ, ಆಗ ನಾಯಿ ಕುತ್ತಿಗೆ ಪಟ್ಟಿ ಒಂದು ಕಡೆಗೆ ಎಳೆದ ಹಾಗೆ ಮೇಲೆದ್ದಿದ್ದು ಕಾಣ್ತು, ಅಷ್ಟೇ, ಬ್ರೇಕ್ ಹಿಡಿದೆ. ಇಳಿಬಿಸಿಲಲ್ಲಿ ದಾರದಂಥ ಆ ಹಗ್ಗ ಕಣ್ಣಿಗೇ ಬಿದ್ದಿರ್ಲಿಲ್ಲ, ನನ್ನ ಮುಂದಿನ ಚಕ್ರಕ್ಕೆ ಒಂದು ಮೊಳ ದೂರದಲ್ಲಿತ್ತು. ಸೂರ್ಯ ಮುಳುಗೋ ಹೊತ್ತಲ್ಲಿ ಇನ್ನೊಂದು ತೊಂದ್ರೆ ಇದೆ, ಬಿಸಿಲು ನಿಮ್ಮ ಬೆನ್ನಿಗಿದ್ರೆ ನಿಮಗೆಲ್ಲಾ ಚೆನ್ನಾಗೇ ಕಾಣುತ್ತೆ, ಆದ್ರೆ ಎದುರು ಬರೋರಿಗೆ ನೀವು ಕಾಣ್ಸೋದೇ ಇಲ್ಲ. ಲೈಟ್ ಹಾಕ್ಕೊಳ್ಳಿ.

ಪ್ರಶ್ನೆ: ನನಗೆ 70 ದಾಟಿದೆಯಮ್ಮ, ನಾನು ಸೈಕಲ್ ಹೊಡೆಯೋನಲ್ಲ, ನಡೆಯೋನು. ಹುಡುಗರು ಕಿವಿ ಪಕ್ಕದಲ್ಲೇ ಸುಯ್ಯಂತ ಹೋಗ್ತಾರೆ, ಎದೆ ಝಲ್ ಅನ್ನುತ್ತೆ. ಇದನ್ನ ನಿಮ್ಮ ಅಂಕಣದಲ್ಲಿ ಬರೆದು ಹೇಳಿ.
– ದಿನಾ ವಾಕಿಂಗ್ ಹೋಗೋರು

ಉತ್ತರ: ಖಂಡಿತ ಹೇಳ್ತೀನಿ ಅಂಕಲ್, ಸೈಕಲ್ ಹೊಡೆಯೋರೆಲ್ಲಾ ಇದನ್ನ ಎರಡು ಸಲ ಓದ್ಲಿ. ತಾಗದೇ ಹೋದ್ವಿ ಅಂದ ಮಾತ್ರಕ್ಕೆ ತೊಂದ್ರೆ ಕೊಟ್ಟಿಲ್ಲ ಅಂತಲ್ಲ. ಈ ವಯಸ್ಸಲ್ಲಿ ಬೆಚ್ಚಿಬಿದ್ದು ಕಾಲು ತಪ್ಪಿದ್ರೆ ಸೊಂಟದ ಮೂಳೆ ಹೋಗುತ್ತೆ, ಸೈಕಲ್ ಮುಟ್ಟಿರೋದೇ ಇಲ್ಲ, ಆದ್ರೂ ಕಾರಣ ಸೈಕಲ್ಲೇ. ನಿಮಗೊಂದು ಕೋರಿಕೆ, ದಾರಿಗೆ ಒಂದು ಅಂಚು ಹಿಡಿದು ಒಂದೇ ಸಮ ನಡೀರಿ, ಫೋಟೋ ತೆಗೆಯೋಕೋ ಮಾತಾಡೋಕೋ ನಿಲ್ಬೇಕು ಅಂದ್ರೆ ದಾರಿ ಬಿಟ್ಟು ಪಕ್ಕಕ್ಕೆ ಬಂದು ನಿಲ್ಲಿ. ಬೆಲ್ ಕೇಳಿದ್ರೆ ಓಡ್ಬೇಡಿ, ಹಾಗೇ ಇರಿ, ಸುತ್ತು ಹಾಕ್ಕೊಂಡು ಹೋಗೋ ಕೆಲಸ ನಮ್ಮದು.

ಪ್ರಶ್ನೆ: ತಿರುವಲ್ಲಿ ಮರಳಿನ ಮೇಲೆ ಜಾರಿ ಬಿದ್ದು ಮೊಣಕೈ ಕಿತ್ತೋಯ್ತು. ಮರಳು ತುಂಬಾ ಏನೂ ಇರ್ಲಿಲ್ಲ, ತೆಳ್ಳಗೆ ಹರಡಿತ್ತು ಅಷ್ಟೇ. ಹೇಗೆ ಜಾರ್ತು?
– ಕಾಲೇಜು ವಿದ್ಯಾರ್ಥಿ

ಉತ್ತರ: ತೆಳ್ಳಗಿರೋದೇ ಮೋಸ. ಗಟ್ಟಿ ಸಿಮೆಂಟಿನ ಮೇಲೆ ಒಂದೊಂದು ಕಾಳು ಬೇರಿಂಗ್ ಗುಂಡಿನ ಹಾಗೆ ಉರುಳುತ್ತೆ, ಟೈರಿಗೆ ನೆಲದ ಹಿಡಿತಾನೇ ಸಿಗಲ್ಲ. ಅದರಲ್ಲೂ ವಾಲಿಕೊಂಡು ತಿರುಗ್ತಾ ಮುಂದಿನ ಬ್ರೇಕ್ ಹಿಡಿದ್ರೆ ಮುಗೀತು. ಮರಳು ಬರೋಕೆ ಮುಂಚೆನೇ ಸ್ಪೀಡ್ ಕಮ್ಮಿ ಮಾಡಿ, ಅದರ ಮೇಲೆ ಹೋಗುವಾಗ ಹ್ಯಾಂಡಲ್ ನೇರ ಇರ್ಲಿ, ಬ್ರೇಕ್ ಮುಟ್ಬೇಡಿ, ಮೆಲ್ಲಗೆ ತುಳೀತಾ ದಾಟಿಬಿಡಿ. ಮರದ ಹಲಗೆ ಹಾಕಿರೋ ಕಡೆ ಒದ್ದೆ ಇದ್ರೆ ಇದೇ ಕಥೆ, ಜೊತೆಗೆ ಹಲಗೆ ಸಂದೀಲಿ ಸಣ್ಣ ಟೈರ್ ಸಿಕ್ಕಿಹಾಕ್ಕೊಳ್ಳುತ್ತೆ, ಅಡ್ಡಡ್ಡ ದಾಟಿ, ಸಂದಿಯ ಉದ್ದಕ್ಕೆ ಬೇಡ. ಮೊಣಕೈ ಗಾಯದಲ್ಲಿ ಮರಳು ಕೂತಿದ್ರೆ ಚೆನ್ನಾಗಿ ನೀರು ಬಿಟ್ಟು ತೊಳೀರಿ, ಹೋಗದೇ ಇದ್ರೆ ಡಾಕ್ಟರ್ ಹತ್ರ ತೋರಿಸಿ.

ಪ್ರಶ್ನೆ: ಹೋಗುವಾಗ ಹಾರ್ಕೊಂಡು ಹೋಗ್ತೀನಿ, ವಾಪಸ್ ಬರುವಾಗ ಗಾಳಿಗೆ ಸತ್ತೇಹೋಗ್ತೀನಿ. ಇಷ್ಟೆಲ್ಲಾ ಜನ, ಗಾಳಿ, ಬಿಸಿಲು ಅಂದ್ರೆ ಮಜಾ ಎಲ್ಲಿ ಮೇಡಂ?
– ಹೊಸದಾಗಿ ಸೈಕಲ್ ತಗೊಂಡೋರು

ಉತ್ತರ: ಮಜಾ ಬೆಳಿಗ್ಗೆ ಇದೆ! ಹಗಲು ನೆಲ ಬೇಗ ಕಾಯುತ್ತೆ, ನೀರು ನಿಧಾನಕ್ಕೆ, ನೆಲದ ಬಿಸಿಗಾಳಿ ಮೇಲೇಳ್ತಾ ಇದ್ದ ಹಾಗೆ ಆ ಜಾಗಕ್ಕೆ ಕಡಲಿನ ತಂಪುಗಾಳಿ ನುಗ್ಗುತ್ತೆ, ಮಧ್ಯಾಹ್ನದ ಮೇಲೆ ಅದು ಜೋರು. ಸೂರ್ಯ ಹುಟ್ಟೋ ಹೊತ್ತಿಗೆ ಸಾಮಾನ್ಯವಾಗಿ ಗಾಳಿ ಮಂದ, ಜನ ಕಮ್ಮಿ, ದಾರಿ ಅಷ್ಟೂ ನಿಮ್ಮದೇ, ಸ್ಪೀಡ್ ಆಸೆ ಇದ್ರೆ ಆಗ ತೀರಿಸ್ಕೊಳ್ಳಿ. ಸಂಜೆನೇ ಹೋಗ್ಬೇಕು ಅಂದ್ರೆ ಮೊದಲರ್ಧ ಗಾಳಿಗೆ ಎದುರಾಗಿ ಹೋಗಿ, ಸುಸ್ತಾದ ಮೇಲೆ ಗಾಳಿನೇ ಮನೆಗೆ ತಳ್ಕೊಂಡು ಬರುತ್ತೆ. ಗಾಳಿ ಪಕ್ಕದಿಂದ ಬೀಸ್ತಿದ್ರೆ ಕಟ್ಟಡದ ಮರೆ ಮುಗಿಯೋ ಜಾಗದಲ್ಲಿ ಒಮ್ಮೆಲೇ ನೂಕುತ್ತೆ, ಅಲ್ಲಿ ಯಾರನ್ನೂ ಓವರ್‌ಟೇಕ್ ಮಾಡೋಕೆ ಹೋಗ್ಬೇಡಿ.

ಬಿಸಿಲು ಮಾತ್ರ ಹಗುರ ಅನ್ಕೋಬೇಡಿ, ಗಾಳಿ ಇದ್ರೆ ಬೆವರು ಆರಿಹೋಗಿ ಸುಡ್ತಿರೋದೇ ಗೊತ್ತಾಗಲ್ಲ. ಒಣ ಮರಳು ಬಿಸಿಲಲ್ಲಿರೋ, ಚರ್ಮ ಸುಡೋ ಯುವಿ ಕಿರಣನ ಸುಮಾರು 15%, ಅಲೆಯ ನೊರೆ ಸುಮಾರು 25% ವಾಪಸ್ ಎಸೆಯುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಂದ್ರೆ ಟೋಪಿ ಕೆಳಗಿಂದಲೂ ಬರುತ್ತೆ. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಿ, ಗಲ್ಲದ ಕೆಳಗೂ ಹಚ್ಚಿ.

ಪ್ರಶ್ನೆ: ಮೂರೇ ತಿಂಗಳಿಗೆ ಚೈನ್ ಕೆಂಪಗಾಯ್ತು. ಎಣ್ಣೆ ಸುರಿದಷ್ಟೂ ಕೆಟ್ಟದಾಗ್ತಿದೆ.
– ಒಬ್ಬ ಓದುಗ

ಉತ್ತರ: ಎಣ್ಣೆ ಸುರಿದಿದ್ದೇ ತಪ್ಪಾಯ್ತು. ಗಾಳೀಲಿರೋ ಉಪ್ಪು ಕಬ್ಬಿಣನ ತಿನ್ನುತ್ತೆ ನಿಜ, ಆದ್ರೆ ಒದ್ದೆ ಎಣ್ಣೆಗೆ ಮರಳು ಮೆತ್ಕೊಂಡ್ರೆ ಅದು ಉಪ್ಪುಕಾಗದದ ಹಾಗೆ ಚೈನನ್ನ ಉಜ್ಜಿ ಸವೆಸುತ್ತೆ. ಬೀಚಿಂದ ಬಂದ ದಿನಾನೇ ಒಂದು ಬಕೆಟ್ ಸಿಹಿನೀರಲ್ಲಿ ಸೈಕಲ್ ತೊಳೀರಿ. ಪೈಪ್ ಹಿಡಿದು ಜೋರಾಗಿ ಹೊಡೀಬೇಡಿ, ಬೇರಿಂಗ್ ಒಳಗೆ ನೀರು ಹೋಗುತ್ತೆ. ಹಳೇ ಬಟ್ಟೇಲಿ ಚೈನ್ ಒರೆಸಿ, ಪೂರ್ತಿ ಒಣಗಿದ ಮೇಲೆ ವ್ಯಾಕ್ಸ್ ಥರದ ಡ್ರೈ ಲ್ಯೂಬ್ (ಹಚ್ಚಿದ ಮೇಲೆ ಒಣಗೋ, ಅಷ್ಟಾಗಿ ಅಂಟದ ಚೈನ್ ಎಣ್ಣೆ) ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು, ಹೊರಗೆ ಮೆತ್ಕೊಂಡಿದ್ದನ್ನೆಲ್ಲಾ ಒರೆಸಿಬಿಡಿ. ಕೊನೆಗೆ ಪೆಡಲ್ ಹಿಂದಕ್ಕೆ ತಿರುಗಿಸಿ ಕಿವಿಗೊಟ್ಟು ಕೇಳಿ, ಕರಕರ ಅಂದ್ರೆ ಒಳಗೆ ಇನ್ನೂ ಮರಳಿದೆ, ಮತ್ತೊಂದ್ಸಲ ತೊಳೀರಿ.