ಅಡುಗೆಮನೆ ಕಡೆಯಿಂದ ಒಳಗೆ ಹೋಗಿ

ಓದುಗರೊಬ್ಬರ ಪತ್ರ: "ನಾನು ದಾವಣಗೆರೆ ಕಡೆಯವನು. ಎರಡು ವರ್ಷದಿಂದ ಇಂಗ್ಲೆಂಡಿನ ಹೆಮೆಲ್ ಹೆಂಪ್‌ಸ್ಟೆಡ್‌ನಲ್ಲಿದ್ದೇನೆ. ಹತ್ತಿರದಲ್ಲೇ ಅಮರಾವತಿ ಎಂಬ ಬೌದ್ಧ ವಿಹಾರ ಇದೆ. ಒಂದು ಭಾನುವಾರ ಹೋಗಿದ್ದೆ. ಹಾಲ್‌ನಲ್ಲಿ ಬಿಳಿಯರು ಕಣ್ಣು ಮುಚ್ಚಿ ಕೂತಿದ್ದರು, ಅಡುಗೆಮನೆಯಲ್ಲಿ ಥಾಯ್ ಹೆಂಗಸರು, ಶ್ರೀಲಂಕಾದವರು. ಅವರಿಗೂ ಇವರಿಗೂ ಮಾತಿಲ್ಲ ಕತೆಯಿಲ್ಲ. ಗಟ್ಟಿಮುಟ್ಟಾದ ಭಿಕ್ಷುಗಳು ದುಡಿಯದೆ ಜನ ತಂದದ್ದನ್ನು ತಿನ್ನುತ್ತಾರೆ, ಮೂರ್ತಿಗೆ ಅಡ್ಡ ಬೀಳುತ್ತಾರೆ, ಊಟದ ಸಾಲಿನಲ್ಲೂ ಮೇಲು ಕೀಳು. ಬುದ್ಧ ಹೇಳಿದ್ದು ಇದನ್ನೇನಾ? ನಮ್ಮಪ್ಪ ಅಂಬೇಡ್ಕರ್ ಅವರನ್ನು ಓದಿ ಬುದ್ಧನ ಕಡೆ ಬಂದವರು. ಅವರಿಗೆ ಏನಂತ ಹೇಳಲಿ?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಮೊದಲು ನಗು ಬಂತು. ನಿಮ್ಮನ್ನು ಕಂಡಲ್ಲ, ನನ್ನನ್ನೇ ನೆನೆದು. ಕೆಲವು ವರ್ಷಗಳ ಹಿಂದೆ ತಂಗಿಯ ಮಗಳ ಮನೆಗೆ ಹೋಗಿದ್ದಾಗ ನಾನೂ ಅದೇ ಅಮರಾವತಿಗೆ ಹೋಗಿ ಹೆಚ್ಚುಕಡಿಮೆ ಇದೇ ಸಿಟ್ಟು ಹೊತ್ತು ವಾಪಸ್ ಬಂದಿದ್ದೆ. ನನಗೆ ಮೊದಲು ಚುಚ್ಚಿದ್ದು ಆ ಹೆಸರು. ಕೃಷ್ಣಾ ತೀರದ ಅಮರಾವತಿ ಸ್ತೂಪದ ಕಲ್ಲುಗಳನ್ನು ಒಯ್ದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇಟ್ಟುಕೊಂಡರು, ಸಾಲದು ಅಂತ ಹೆಸರನ್ನೂ ತಗೊಂಡ್ರಾ ಅಂತ. ಆಮೇಲೆ ಇನ್ನೊಂದು ಸಲ ಹೋದೆ. ಆ ಸಲ ತಂಗಿಯ ಮಗಳು ದೊಡ್ಡ ಡಬ್ಬಿಯಲ್ಲಿ ಚಿತ್ರಾನ್ನ ಮಾಡಿಕೊಂಡಿದ್ದಳು, ಅದನ್ನು ಇಳಿಸಲು ಅಡುಗೆಮನೆ ಕಡೆಯಿಂದ ಒಳಗೆ ಹೋದೆವು. ಕಂಡದ್ದೇ ಬೇರೆ. ನೀವು ಹೋದದ್ದು ಧ್ಯಾನದ ಹಾಲ್ ಕಡೆಯಿಂದ ಅಲ್ವಾ? ಅಲ್ಲಿಂದ ಹೋದರೆ ಆ ಜಾಗ ಅರ್ಥವಾಗುವುದಿಲ್ಲ ಅನ್ನುವುದು ನನ್ನ ವಾದ.

"ದುಡಿಯದೆ ತಿನ್ನುತ್ತಾರೆ" ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಈ ಭಿಕ್ಷುಗಳು ಥಾಯ್ಲೆಂಡಿನ ಕಾಡು ಪರಂಪರೆಯವರು, ಅಲ್ಲಿಯ ಗುರು ಅಜಾನ್ ಚಾ ಅವರ ಶಿಷ್ಯರು, ಶಿಷ್ಯರ ಶಿಷ್ಯರು (ಅಜಾನ್ ಅಂದರೆ ಥಾಯ್ ಭಾಷೆಯಲ್ಲಿ ಗುರು). ಬುದ್ಧನ ಕಾಲದಿಂದ ಬಂದ ವಿನಯದ, ಅಂದರೆ ಭಿಕ್ಷುಗಳ ನಡಾವಳಿಯ, ನಿಯಮಗಳನ್ನು ಬಿಗಿಯಾಗಿ ಪಾಲಿಸುವವರು. ದುಡ್ಡು ಮುಟ್ಟುವಂತಿಲ್ಲ. ಅಡುಗೆ ಮಾಡಿಕೊಳ್ಳುವಂತಿಲ್ಲ. ನೆಲ ಅಗೆಯುವಂತಿಲ್ಲ, ಗಿಡ ಕೀಳುವಂತಿಲ್ಲ, ಅಂದರೆ ಬೆಳೆದು ತಿನ್ನುವ ದಾರಿಯೂ ಬಂದ್. ಮಧ್ಯಾಹ್ನ ದಾಟಿದರೆ ಊಟವಿಲ್ಲ. ಇವತ್ತು ಉಳಿದದ್ದನ್ನು ನಾಳೆಗೆ ಎತ್ತಿಡುವಂತಿಲ್ಲ. ಬಾಳೆಹಣ್ಣು ಕಣ್ಣೆದುರೇ ಇದ್ದರೂ ಯಾರಾದರೂ ಕೈಯಾರೆ ಕೊಡುವ ತನಕ ಬಾಯಿಗೆ ಹಾಕುವಂತಿಲ್ಲ. ಹಸಿವಾಗಿದೆ ಕೊಡಿ ಅಂತ ಬಾಯಿಬಿಟ್ಟು ಬೇಡುವಂತೆಯೂ ಇಲ್ಲ. ಸುಮ್ನೆ ಪಾತ್ರೆ ಹಿಡಿದು ನಿಲ್ಲಬೇಕು.

ಇದೆಂಥ ಹುಚ್ಚು ಅನ್ನಿಸುತ್ತದೆ. ಆದರೆ ಇದರಿಂದ ಏನಾಗುತ್ತದೆ ನೋಡಿ. ಗುಹೆ ಸೇರಿ ಕದ ಹಾಕಿಕೊಳ್ಳುವ ಸನ್ಯಾಸಕ್ಕೆ ಇಲ್ಲಿ ದಾರಿಯೇ ಇಲ್ಲ, ಬೆಳಗಾದರೆ ಊರಿನವರ ಮುಖ ನೋಡಲೇಬೇಕು. ನಡತೆ ಕೆಟ್ಟರೆ ಊರು ದೂರು ಕೊಡಬೇಕಾಗಿಲ್ಲ, ಕೋರ್ಟಿಗೆ ಹೋಗಬೇಕಾಗಿಲ್ಲ, ಒಲೆ ಹಚ್ಚದಿದ್ದರೆ ಸಾಕು. ಶ್ರವಣಬೆಳಗೊಳದಲ್ಲಿ ಜೈನ ಮುನಿಗಳು ಆಹಾರಕ್ಕೆ ಹೊರಟಾಗ ಗೃಹಸ್ಥರು ಬಾಗಿಲಲ್ಲಿ ಕಾದು ನಿಂತು ಕರೆಯುವುದನ್ನು ನೀವು ನೋಡಿರಬಹುದು, ಇಲ್ಲಿಯ ಲೆಕ್ಕವೂ ಅದಕ್ಕೆ ಹತ್ತಿರ. ನಮಗೆ ಇದು ವಿಚಿತ್ರವಾಗಿ ಕಾಣಲು ಕಾರಣ ನಮ್ಮ ಮಠಗಳ ದಾಸೋಹ ಅಂತ ನನಗೆ ತೋರುತ್ತದೆ. ಅಲ್ಲಿ ಮಠ ಜನಕ್ಕೆ ಅನ್ನ ಹಾಕುತ್ತದೆ. ಇಲ್ಲಿ ತಿರುಗುಮುರುಗು.

ಪಶ್ಚಿಮದಲ್ಲಿ ಬೌದ್ಧ ಭಿಕ್ಷುಗಳು ನೆಲೆಯೂರಿದ ಕತೆಯೆಲ್ಲ ಈ ಅನ್ನದ ಸುತ್ತಲೇ ಇದೆ. 1908ರಲ್ಲಿ ಅಲನ್ ಬೆನೆಟ್ ಎಂಬ ಇಂಗ್ಲಿಷ್‌ನವನು, ಬರ್ಮಾದಲ್ಲಿ ದೀಕ್ಷೆ ಪಡೆದು ಆನಂದ ಮೆತ್ತೆಯ್ಯ ಆದವನು, ಧರ್ಮ ಸಾರಲು ಲಂಡನ್ನಿಗೆ ಬಂದ. ಬೇಕುಬೇಡ ನೋಡಿಕೊಳ್ಳುವ ದಾನಿಗಳು ಬರ್ಮಾದಿಂದಲೇ ಜೊತೆಗೆ ಬರಬೇಕಾಯಿತು. ಕೆಲವೇ ತಿಂಗಳಲ್ಲಿ ಎಲ್ಲರೂ ವಾಪಸ್. ಉಪನ್ಯಾಸ ಕೇಳುವವರಿದ್ದರು, ಆದರೆ ದಿನಾ ಅನ್ನ ಹಾಕುವ ಊರೊಂದು ಅಲ್ಲಿ ಇರಲಿಲ್ಲ. 1924ರಲ್ಲಿ ಬುದ್ಧಿಸ್ಟ್ ಸೊಸೈಟಿ ಬಂತು, 1926ರಲ್ಲಿ ಶ್ರೀಲಂಕಾದ ಅನಗಾರಿಕ ಧರ್ಮಪಾಲರು ಲಂಡನ್ನಿನಲ್ಲಿ ವಿಹಾರ ತೆರೆದರು. ಆದರೂ ಇಂಗ್ಲಿಷ್ ಜನರಿಗೆ ಬೌದ್ಧ ಧರ್ಮ ಅಂದರೆ ಬಹುಕಾಲ ಪುಸ್ತಕ, ಉಪನ್ಯಾಸ, ಟೀ.

1977ರಲ್ಲಿ ಅಜಾನ್ ಚಾ ಲಂಡನ್ನಿಗೆ ಬಂದರು. ಜೊತೆಗೆ ಅಜಾನ್ ಸುಮೇಧೊ, ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದವರು. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಡಾವಣೆಯ ಗಲಾಟೆಯ ರಸ್ತೆಯ ಮೇಲೊಂದು ಮನೆ. ಅಜಾನ್ ಚಾ ಶಿಷ್ಯರನ್ನು ಅಲ್ಲೇ ಬಿಟ್ಟು ಹೊರಟರು. ಆದರೆ ಒಂದು ಮಾತು ಹೇಳಿ ಹೋದರು: ದಿನಾ ಪಾತ್ರೆ ಹಿಡಿದು ಭಿಕ್ಷೆಗೆ ಹೊರಡಿ, ಯಾರು ಹಾಕಲಿ ಬಿಡಲಿ. ಯಾರೂ ಹಾಕಲಿಲ್ಲ. ಹಾಕುವುದಿರಲಿ, ತಲೆ ಬೋಳಿಸಿಕೊಂಡು ಬಣ್ಣದ ಬಟ್ಟೆ ಸುತ್ತಿಕೊಂಡು ಸಾಲಾಗಿ ಹೋಗುವ ಇವರು ಯಾರು ಅಂತಲೇ ಲಂಡನ್ನಿನವರಿಗೆ ಗೊತ್ತಿರಲಿಲ್ಲ. ಆದರೂ ಹೊರಟರು. 1978ರಲ್ಲಿ ಹೀಗೇ ಹ್ಯಾಂಪ್‌ಸ್ಟೆಡ್ ಹೀತ್ ಬಯಲಲ್ಲಿ ನಡೆಯುವಾಗ ಬೆಳಗಿನ ಜಾಗಿಂಗ್‌ಗೆ ಬಂದವನೊಬ್ಬ ನಿಂತು ಮಾತಾಡಿಸಿದ. ಬೌದ್ಧನಲ್ಲ, ಸುಮ್ನೆ ಕುತೂಹಲದವನು. ಅವನ ಹತ್ತಿರ ವೆಸ್ಟ್ ಸಸೆಕ್ಸ್‌ನಲ್ಲಿ 100 ಎಕರೆಗೂ ಜಾಸ್ತಿ ಕಾಡಿತ್ತು, ಹ್ಯಾಮರ್ ವುಡ್ ಅಂತ. ಅದನ್ನು ಹಳೆಯ ಸಹಜ ಕಾಡಾಗಿ ಉಳಿಸಬೇಕು ಅನ್ನುವುದು ಅವನ ಆಸೆ. ಕಾಡಿನಲ್ಲಿ ಇರುವವರು ಅಂದರೆ ನೀವೇ ಅಲ್ವಾ, ಕಾಡನ್ನು ನೀವೇ ಇಟ್ಟುಕೊಳ್ಳಿ ಅಂತ ಒಪ್ಪಿಸಿಬಿಟ್ಟ.

ಒಂದು ತುತ್ತು ಅನ್ನ ಬೀಳದ ಪಾತ್ರೆಗೆ ಕಾಡೇ ಬಿತ್ತು. ಇದನ್ನು ಬರೆಯುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ, ಇರಲಿ.

ಹತ್ತಿರದ ಚಿತ್‌ಹರ್ಸ್ಟ್ ಎಂಬಲ್ಲಿ ಪಾಳು ಬಿದ್ದ ಹಳೆಯ ಬಂಗಲೆಯೊಂದನ್ನು ಕೊಂಡು 1979ರಲ್ಲಿ ಎಲ್ಲರೂ ಅಲ್ಲಿಗೆ ಹೋದರು. ತೋಟದ ತುಂಬ ತುಕ್ಕು ಹಿಡಿದ ಕಾರುಗಳು, ಒಳಗೆ ಕೊಳೆತ ತೊಲೆಗಳು. ರಿಪೇರಿ ಮಾಡಿದ್ದು ಯಾರು ಅಂದುಕೊಂಡಿರಿ? ದುಡಿಯುವುದಿಲ್ಲ ಅಂತ ನೀವು ಬೈದ ಆ ಭಿಕ್ಷುಗಳು, ಜೊತೆಗೆ ಬಿಳಿ ಬಟ್ಟೆಯ ಅನಗಾರಿಕರು. ಈ ಬಿಳಿ ಬಟ್ಟೆಯವರು ದೀಕ್ಷೆಗೆ ಮೊದಲಿನ ಉಮೇದುವಾರರು. ಕಾರು ಓಡಿಸುವುದು, ನೆಲ ಅಗೆಯುವುದು, ಹೀಗೆ ಭಿಕ್ಷುಗಳು ಮಾಡಬಾರದ್ದೆಲ್ಲ ಇವರ ಪಾಲಿಗೆ. 1984ರಲ್ಲಿ ನೀವು ನೋಡಿದ ಅಮರಾವತಿ ಶುರುವಾಯಿತು. ಅಲ್ಲಿಯ ಉದ್ದುದ್ದ ಮರದ ಕಟ್ಟಡಗಳು ಎರಡನೇ ಮಹಾಯುದ್ಧದ ಕಾಲದ ಶಾಲೆಯವು, ಅದಕ್ಕೇ ವಿಹಾರಕ್ಕಿಂತ ಹಾಸ್ಟೆಲ್ ತರ ಕಾಣುತ್ತವೆ. 2010ರ ತನಕ ಸುಮೇಧೊ ಮುಖ್ಯಸ್ಥರಾಗಿದ್ದರು, ಆಮೇಲೆ ಇಂಗ್ಲೆಂಡಿನವರೇ ಆದ ಅಜಾನ್ ಅಮರೊ.

ಇನ್ನು ಹಾಲ್ ಬೇರೆ, ಅಡುಗೆಮನೆ ಬೇರೆ ಅನ್ನುವ ಮಾತು. ನೀವು ಕಂಡದ್ದು ನಿಜ, ಒಪ್ಪುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಬೌದ್ಧರು ಅಂತ ಬರೆಸಿದವರು ಸುಮಾರು 2,73,000, ನೂರಕ್ಕೆ ಅರ್ಧ. ಅಷ್ಟರೊಳಗೆ ಥಾಯ್, ಸಿಂಹಳ, ಚೀನಾ, ಟಿಬೆಟ್, ಬಿಳಿಯರು, ಪಂಜಾಬಿನಿಂದ ಹೋದ ಅಂಬೇಡ್ಕರ್ ಅನುಯಾಯಿಗಳು, ಎಲ್ಲರೂ ಬಂದರು. ಒಬ್ಬೊಬ್ಬರು ಬರುವ ಕಾರಣವೂ ಒಂದೊಂದು. ಥಾಯ್ ಹೆಂಗಸು ತೀರಿಹೋದ ಅಮ್ಮನ ಹೆಸರಲ್ಲಿ ಪುಣ್ಯ ಮಾಡಲು ಬರುತ್ತಾಳೆ. ಬಿಳಿಯ ಯುವಕ ನಿದ್ದೆ ಬರದೆ, ಮನಸ್ಸು ಕುಸಿದು ಬರುತ್ತಾನೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಬೌದ್ಧ ಧ್ಯಾನವನ್ನು ಆಸ್ಪತ್ರೆಗೆ ಒಗ್ಗುವಂತೆ ಎಂಟು ವಾರದ ಕೋರ್ಸ್ ಮಾಡಿದ ಮೇಲೆ ಮೈಂಡ್‌ಫುಲ್‌ನೆಸ್ ಅನ್ನುವುದು ಡಾಕ್ಟರ ಚೀಟಿಗೂ ಬಂತು. ಮತ್ತೆ ಮತ್ತೆ ಮರುಕಳಿಸುವ ಖಿನ್ನತೆಗೆ ಇಂಥ ಚಿಕಿತ್ಸೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೇ 2004ರಲ್ಲಿ ಸೂಚಿಸಿತು. ಅದನ್ನು ಕಂಡು ನಗಬೇಡಿ, ನೋವಿನಿಂದ ಬಂದವರೂ ಬಂದವರೇ. ಬುದ್ಧನ ಮೊದಲ ಪಾಠವೇ ದುಃಖ ಇದೆ ಅನ್ನುವುದು.

ಆದರೆ ಒಂದು ಮಾತು ನಿಜ. ಕಣ್ಣು ಮುಚ್ಚಿ ಕೂತವರಷ್ಟೇ ಇದ್ದಿದ್ದರೆ ಆ ವಿಹಾರದ ಒಲೆ ಉರಿಯುತ್ತಿರಲಿಲ್ಲ. ಅದನ್ನು ನಡೆಸಿದ್ದು ನೀವು ಅಡುಗೆಮನೆಯಲ್ಲಿ ಕಂಡ ಆ ಹೆಂಗಸರು. ನಾನು ಚಿತ್ರಾನ್ನ ಇಳಿಸಿದ ದಿನ ಊಟವಾದ ಮೇಲೆ ಪಾತ್ರೆ ತೊಳೆಯುವ ಕಡೆ ನಿಂತಿದ್ದೆ. ಒಬ್ಬ ಎತ್ತರದ ಇಂಗ್ಲಿಷ್ ಮುದುಕ ಸೋಪು ಹಚ್ಚುತ್ತಿದ್ದ, ಥಾಯ್ ಅಜ್ಜಿ ಜಾಲಿಸುತ್ತಿದ್ದಳು. ಅಜ್ಜಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅವನು ತೊಳೆದ ಪಾತ್ರೆಯಲ್ಲಿ ಜಿಡ್ಡು ಉಳಿದರೆ ಏನೂ ಮಾತಾಡದೆ ವಾಪಸ್ ಅವನ ಕಡೆ ತಳ್ಳುತ್ತಿದ್ದಳು, ಅವನು ನಕ್ಕು ಮತ್ತೆ ತಿಕ್ಕುತ್ತಿದ್ದ. ಮಾತಿಲ್ಲ ಕತೆಯಿಲ್ಲ ಅಂತ ನೀವು ಬರೆದಿರಿ, ನನಗೆ ಇವರಿಬ್ಬರು ನೆನಪಾದರು.

ಮೂರ್ತಿಗೆ ನಮಸ್ಕಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವರ ಬೇಡಲು ಅಲ್ಲ, ಅಹಂಕಾರ ಇಳಿಸಲು ಬಾಗುತ್ತೇವೆ ಅನ್ನುತ್ತಾರೆ ಅವರು. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಬಸ್ಸು ಮಾಡಿಕೊಂಡು ಹೋಗಿ, ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದು, ಮೊಮೊ ತಿಂದು ಬರುವ ನಾವು ಇದರಲ್ಲಿ ತೀರ್ಪು ಕೊಡುವುದು ಬೇಡ.

ಊಟದ ಸಾಲಿನ ಮೇಲು ಕೀಳಿನ ಮಾತಿಗೆ ಮಾತ್ರ ನಿಲ್ಲಬೇಕು. ಆ ಸಾಲು ವಯಸ್ಸಿನದಲ್ಲ, ಹುಟ್ಟಿನದೂ ಅಲ್ಲ. ಯಾರು ಮೊದಲು ದೀಕ್ಷೆ ಪಡೆದರೋ ಅವರು ಮುಂದೆ, ಒಂದು ಗಂಟೆ ಮೊದಲಾದರೂ ಸರಿ. ಕ್ಷೌರಿಕ ಉಪಾಲಿಯ ಕತೆ ನಿಮ್ಮಪ್ಪನಿಗೆ ಗೊತ್ತಿರುತ್ತದೆ. ಶಾಕ್ಯ ರಾಜಕುಮಾರರು ಅವನ ಜೊತೆ ದೀಕ್ಷೆಗೆ ಬಂದಾಗ, ಮೊದಲು ಉಪಾಲಿಗೆ ಕೊಡಿ, ಆಗ ನಾವು ಅವನಿಗೆ ಬಾಗಬೇಕಾಗುತ್ತದೆ, ನಮ್ಮ ಕುಲದ ಸೊಕ್ಕು ಇಳಿಯುತ್ತದೆ ಅಂತ ಅವರೇ ಕೇಳಿಕೊಂಡರಂತೆ. ಸಾಲಿನ ಅರ್ಥ ಅದು.

ಹೆಂಗಸರ ವಿಷಯ ಬಂದಾಗ ಮಾತ್ರ ಈ ವಿವರಣೆ ಕೈಕೊಡುತ್ತದೆ. 1983ರಲ್ಲಿ ಚಿತ್‌ಹರ್ಸ್ಟ್‌ನಲ್ಲಿ ನಾಲ್ವರು ಹೆಂಗಸರು ಕಂದು ವಸ್ತ್ರ ಉಟ್ಟು ಸೀಲಧರಾ ಎಂಬ ಹೊಸ ಪಂಥದವರಾದರು. ಹತ್ತು ಶೀಲ, ಕಠಿಣ ಜೀವನ, ಗಂಡಸರಷ್ಟೇ ತಪಸ್ಸು, ಆದರೆ ಭಿಕ್ಖುಣಿ ಅನ್ನುವ ಪೂರ್ಣ ಸ್ಥಾನ ಇಲ್ಲ. 2009ರಲ್ಲಿ ಹಿರಿಯ ಭಿಕ್ಷುಗಳು ಲಿಖಿತ ಕರಾರನ್ನೇ ಮುಂದಿಟ್ಟರು: ಎಲ್ಲರಿಗಿಂತ ಕಿರಿಯ ಭಿಕ್ಷುವೂ ಎಲ್ಲರಿಗಿಂತ ಹಿರಿಯ ಸೀಲಧರಾಗಿಂತ ಮೇಲು. ಅಂದರೆ ನಿನ್ನೆ ತಲೆ ಬೋಳಿಸಿಕೊಂಡ ಹುಡುಗ ಇಪ್ಪತ್ತೈದು ವರ್ಷ ಸಾಧನೆ ಮಾಡಿದ ತಾಯಿಗಿಂತ ಮುಂದೆ. ಉಪಾಲಿಯ ಕತೆ ಇಲ್ಲಿ ಎಲ್ಲಿ ಹೋಯಿತು? ಅದೇ ವರ್ಷ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಅಜಾನ್ ಬ್ರಹ್ಮ, ಇವರೂ ಅಜಾನ್ ಚಾ ಶಿಷ್ಯರೇ, ನಾಲ್ವರು ಹೆಂಗಸರಿಗೆ ಭಿಕ್ಖುಣಿ ದೀಕ್ಷೆ ನಡೆಯಲು ಜೊತೆ ನಿಂತರು. ಥಾಯ್ಲೆಂಡಿನ ಮೂಲ ವಿಹಾರ ಅವರನ್ನು ಬಳಗದಿಂದ ಹೊರಗೆ ಹಾಕಿತು. ಇಂಗ್ಲೆಂಡಿನಲ್ಲಿ ಕೆಲವು ಸೀಲಧರಾಗಳು ಬಿಟ್ಟು ಹೋದರು. ಈ ಒಂದು ವಿಷಯದಲ್ಲಿ ನಿಮ್ಮ ಸಿಟ್ಟಿಗೆ ನನ್ನದನ್ನೂ ಸೇರಿಸಿಕೊಳ್ಳಿ. ಥಾಯ್ಲೆಂಡಿನ ಹಿರಿಯರ ಮಾತು ಮೀರಿದರೆ ಬುಡವೇ ಕಡಿದುಹೋಗುತ್ತದೆ ಅನ್ನುವ ಭಯ ಅವರದು. ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ಕೊನೆಗೆ ಅಪ್ಪನ ವಿಷಯ. ನೀವು ಕೇಳಿದ ಪ್ರಶ್ನೆಯನ್ನು ಅಂಬೇಡ್ಕರ್ ಅವರೇ ಕೇಳಿದ್ದರು: ಬುದ್ಧ ಭಿಕ್ಷುವನ್ನು ಮಾಡಿದ್ದು ಯಾಕೆ, ಪರಿಪೂರ್ಣ ಮನುಷ್ಯನಾಗಲಿ ಅಂತಲೋ, ಸಮಾಜ ಸೇವಕನಾಗಲಿ ಅಂತಲೋ? ಬರೀ ಪರಿಪೂರ್ಣನಾದರೆ ಅವನಿಂದ ಧರ್ಮಕ್ಕೆ ಉಪಯೋಗವಿಲ್ಲ ಅನ್ನುವುದು ಅವರ ನಿಲುವು. ಅಪ್ಪನಿಗೆ ಅಜಾನ್ ಖೇಮಧಮ್ಮೊ ಅವರ ಕತೆ ಹೇಳಿ. ನಟನಾಗಿದ್ದ ಇಂಗ್ಲಿಷ್‌ನವರು, 1977ರ ಆ ತಂಡದಲ್ಲೇ ಲಂಡನ್ನಿಗೆ ಬಂದ ಭಿಕ್ಷು. ಆಗಿನಿಂದಲೇ ಜೈಲುಗಳಿಗೆ ಹೋಗಿ ಕೈದಿಗಳ ಜೊತೆ ಕೂರಲು ಶುರು ಮಾಡಿದರು. 1985ರಲ್ಲಿ ಅದಕ್ಕೊಂದು ಸಂಸ್ಥೆ ಕಟ್ಟಿದರು. ಅದರ ಹೆಸರು ಅಂಗುಲಿಮಾಲ. ಬೆರಳಿನ ಹಾರ ಹಾಕಿಕೊಂಡಿದ್ದ ಆ ಕೊಲೆಗಾರನ ಕತೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿ ಸುಮ್ನಾದೆವು, ಅಲ್ಲಿ ಒಬ್ಬರು ಅದನ್ನು ಕೆಲಸವಾಗಿ ತಗೊಂಡರು. ಅಪ್ಪ ಬಂದರೆ ಲಂಡನ್ನಿನ ಕಿಂಗ್ ಹೆನ್ರೀಸ್ ರೋಡ್‌ನ 10ನೇ ನಂಬರ್ ಮನೆಗೂ ಕರೆದುಕೊಂಡು ಹೋಗಿ, 1921-22ರಲ್ಲಿ ಅಂಬೇಡ್ಕರ್ ಇದ್ದ ಮನೆ ಅದು, 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡುಕೊಂಡಿತು.

ಅಲ್ಲಿಂದ ಅಮರಾವತಿಗೆ ಬನ್ನಿ. ಅಕ್ಟೋಬರ್-ನವೆಂಬರ್ ಹೊತ್ತಿಗೆ ಬಂದರೆ ಕಠಿನ ನೋಡಲು ಸಿಗಬಹುದು, ಮಳೆಗಾಲದ ಮೂರು ತಿಂಗಳ ವಾಸ ಮುಗಿದ ಮೇಲೆ ಜನ ಭಿಕ್ಷುಗಳಿಗೆ ಬಟ್ಟೆ ಕೊಡುವ ಹಬ್ಬ. ನಮ್ಮ ಚಾತುರ್ಮಾಸ್ಯದ ನೆಂಟ ಅನ್ನಿ. ಏನಾದರೂ ಮಾಡಿಕೊಂಡು ಹೋಗಿ, ಖಾರ ಸ್ವಲ್ಪ ಕಮ್ಮಿ ಇರಲಿ, ಹನ್ನೊಂದು ಗಂಟೆಗೆ ಮುಂಚೆ ಮುಟ್ಟಿ. ಡಬ್ಬಿಯನ್ನು ಟೇಬಲ್ ಮೇಲಿಟ್ಟು ಬರಬೇಡಿ, ಕೈಯಾರೆ ಕೊಡಬೇಕು, ಅಪ್ಪನ ಕೈಯಲ್ಲೇ ಕೊಡಿಸಿ. ಊಟವಾದ ಮೇಲೆ ಅವರ ಪ್ರಶ್ನೆಯನ್ನು ಅಲ್ಲಿಯ ಭಿಕ್ಷುಗಳ ಮುಂದೆ, ಸೀಲಧರಾಗಳ ಮುಂದೆಯೂ ಇಡಲಿ. ಏನು ಉತ್ತರ ಬಂತು ಅಂತ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.